ನಾಣ್ಯ ಹಾಕಿದರೆ ಬಾಟಲಿ ಬರಬೇಕು

ಅಮೆರಿಕದಲ್ಲಿ ಹಳೆಯ ಸೋಡಾ ಯಂತ್ರಗಳನ್ನು, ಅಂದರೆ ನಾಣ್ಯ ಹಾಕಿದರೆ ತಂಪು ಪಾನೀಯದ ಬಾಟಲಿ ಕೊಡುವ ಯಂತ್ರಗಳನ್ನು, ಮನೆಗೆ ತಂದಿಟ್ಟುಕೊಂಡವರು ಬಹಳ ಮಂದಿ. ಗ್ಯಾರೇಜಿನ ಮೂಲೆಯಲ್ಲೋ ನೆಲಮಾಳಿಗೆಯಲ್ಲೋ 1950ರ ದಶಕದ ಕೆಂಪು ಯಂತ್ರವೊಂದು ನಿಂತಿರುತ್ತದೆ. ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತದೆ, ಉಬ್ಬು ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತವೆ, ಕ್ರೋಮ್ ಹಿಡಿಕೆಯಲ್ಲಿ ಮುಖ ನೋಡಿಕೊಳ್ಳಬಹುದು. ಸೀಳಿಗೆ ಒಂದು ನಿಕಲ್, ಅಂದರೆ ಐದು ಸೆಂಟಿನ ನಾಣ್ಯ, ಹಾಕಿ ನೋಡಿದರೆ ಅದು ಟಣ್ ಎಂದು ತಗಡಿನ ಮೇಲೆ ಬಿದ್ದು ಅಲ್ಲೇ ಉಳಿಯುತ್ತದೆ. ಒಳಗೆ ನಾಣ್ಯ ತೂಗುವ ಪೆಟ್ಟಿಗೆಯೇ ಇಲ್ಲ. ಬಾಟಲಿ ಉರುಳುವ ಸಾಲುಗಳನ್ನು ಕಿತ್ತು ಗಾಜಿನ ಹಲಗೆ ಜೋಡಿಸಿದ್ದಾರೆ, ಕಂಪ್ರೆಸರ್ ಇದ್ದ ಜಾಗ ಖಾಲಿ, ಮೇಲೊಂದು ಎಲ್‌ಇಡಿ ಪಟ್ಟಿ. ಬಣ್ಣಕ್ಕೆ ಸಾವಿರಾರು ಡಾಲರ್ ಸುರಿದು, ಯಂತ್ರವನ್ನು ಕಪಾಟು ಮಾಡಿಬಿಟ್ಟಿದ್ದಾರೆ. ಇಂಥ ಯಂತ್ರ ಕಂಡಾಗಲೆಲ್ಲ ಮನಸ್ಸಿಗೆ ಕಿರಿಕಿರಿಯಾಗುತ್ತದೆ.

ಅವರಿಗೆ ಕೆಲಸದ ಮೇಲೆ ಅಕ್ಕರೆ ಇರಲಿಲ್ಲ ಅಂತಲ್ಲ. ಕೆಲಸ ಶುರುಮಾಡಿದ್ದು ಹೊರಗಿನಿಂದ, ಅಷ್ಟೇ. ಮೊದಲು ಬಣ್ಣ ಕೆರೆದರು, ಬಿಡಿಭಾಗಗಳನ್ನೆಲ್ಲ ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ಹಾಕಿದರು, ಆರು ತಿಂಗಳು ಬಿಟ್ಟು ನೋಡಿದಾಗ ಯಾವ ಸ್ಪ್ರಿಂಗು ಎಲ್ಲಿಯದು ಎಂದು ಗೊತ್ತಾಗಲಿಲ್ಲ. ಈ ಕೆಲಸ ಒಳಗಿನಿಂದ ಹೊರಕ್ಕೆ ಬರಬೇಕು. ಮೊದಲು ಕರೆಂಟು, ಆಮೇಲೆ ತಂಪು, ಆಮೇಲೆ ನಾಣ್ಯ ಮತ್ತು ಬಾಟಲಿಯ ದಾರಿ. ಯಂತ್ರ ಕೊಳಕಾಗಿ, ತುಕ್ಕು ಹಿಡಿದು ಹೇಗಿದೆಯೋ ಹಾಗೇ ನಿಂತುಕೊಂಡು ಒಂದು ನಾಣ್ಯಕ್ಕೆ ಒಂದು ತಣ್ಣನೆಯ ಬಾಟಲಿ ಕೊಡುವಂತಾಗಬೇಕು. ಬಣ್ಣದ ಡಬ್ಬಿ ತೆರೆಯುವುದು ಆ ನಂತರ.

ಯಾವ ಯಂತ್ರ ಸಿಕ್ಕಿದೆ ಎಂದು ತಿಳಿಯಲು ಬಾಗಿಲಿನ ಒಳಮೈಯಲ್ಲೋ ಹಿಂಬದಿಯಲ್ಲೋ ಇರುವ ಲೋಹದ ಪಟ್ಟಿ ಓದಬೇಕು. ಕನ್ಸಾಸ್ ಸಿಟಿಯ ವೆಂಡೋ, ಟೆನೆಸಿಯ ಚಾಟನೂಗಾದ ಕ್ಯಾವಲಿಯರ್, ಕ್ಯಾಲಿಫೋರ್ನಿಯಾದ ಫ್ರೆಸ್ನೋದ ವೆಂಡರ್ಲೇಟರ್, ಇಂಡಿಯಾನಾದ ಸೌತ್ ಬೆಂಡ್‌ನ ಜೇಕಬ್ಸ್, ಇವು ಹೆಚ್ಚಾಗಿ ಸಿಗುವ ಹೆಸರುಗಳು. ವೆಂಡೋ ಮಾದರಿಗಳ ಅಂಕಿಯೇ ಅದರಲ್ಲಿ ಹಿಡಿಸುವ ಬಾಟಲಿಗಳ ಲೆಕ್ಕ: 39, 44, 81. ಮನೆಯಲ್ಲಿಟ್ಟು ದುರಸ್ತಿ ಮಾಡುವವರಿಗೆ ವೆಂಡೋ 81 ಒಳ್ಳೆಯದು. ಒಂಬತ್ತು ಸಾಲು, ಸಾಲಿಗೆ ಒಂಬತ್ತು ಬಾಟಲಿ. ಎಡಗಡೆಯ ಕಿರಿದಾದ ಬಾಗಿಲು ತೆರೆದರೆ ಬಾಟಲಿಗಳು ಅಡ್ಡಡ್ಡ ಮಲಗಿ ಮುಚ್ಚಳ ಹೊರಗೆ ಮಾಡಿಕೊಂಡಿರುತ್ತವೆ, ಕತ್ತು ಹಿಡಿದು ಎಳೆಯಬೇಕು. ಬಹಳ ಮಂದಿ ಇಟ್ಟುಕೊಂಡಿರುವ ಯಂತ್ರವಾದ್ದರಿಂದ ಬಾಗಿಲಂಚಿನ ರಬ್ಬರ್ ಗ್ಯಾಸ್ಕೆಟ್, ಬೀಗ, ಸ್ಟಿಕ್ಕರುಗಳಿಂದ ಹಿಡಿದು ಹೆಚ್ಚಿನ ಭಾಗಗಳನ್ನು ಈಗಲೂ ಹೊಸದಾಗಿ ಮಾಡಿ ಮಾರುತ್ತಾರೆ. ಅಪರೂಪದ ಮಾದರಿ ಕೊಂಡರೆ ಒಂದು ಹಿಡಿಕೆಗಾಗಿ ಎರಡು ವರ್ಷ ಹುಡುಕಬೇಕಾಗುತ್ತದೆ.

ಸಾಗಿಸುವಾಗ ಒಂದು ಎಚ್ಚರ. ಎತ್ತರ ಐದಡಿಯ ಹತ್ತಿರ, ಆಳ ಮಾತ್ರ ಬರೀ 16 ಇಂಚು, ತೂಕ ನೂರು ಕಿಲೋ ಮೀರಿದ್ದು. ಬಾಗಿಲು ತೆರೆದೊಡನೆ ಮುಂದಕ್ಕೆ ವಾಲುತ್ತದೆ. ಫ್ರಿಜ್ ಸಾಗಿಸುವ ಪಟ್ಟಿಯಿರುವ ಕೈಗಾಡಿಯ ಮೇಲೆ ನಿಲ್ಲಿಸಿಯೇ ತರಬೇಕು. ಮಲಗಿಸಿ ತರುವುದು ಅನಿವಾರ್ಯವಾದರೆ ಮನೆಗೆ ಬಂದ ಮೇಲೆ ಇಡೀ ಒಂದು ದಿನ ನೆಟ್ಟಗೆ ನಿಲ್ಲಿಸಿ, ಕೊಳವೆಗಳಿಗೆ ಹರಿದುಹೋದ ಎಣ್ಣೆ ಕಂಪ್ರೆಸರಿಗೆ ವಾಪಸ್ ಇಳಿಯಲು ಬಿಡಬೇಕು.

ಪ್ಲಗ್ ಹಾಕುವ ಮುನ್ನ

ಮನೆಗೆ ಬಂದ ಸಂಜೆಯೇ ಪ್ಲಗ್ ಚುಚ್ಚಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ತಡೆದುಕೊಳ್ಳಬೇಕು. ಎಪ್ಪತ್ತು ವರ್ಷದ ರಬ್ಬರ್ ಹೊದಿಕೆಯ ವೈರು ಮುಟ್ಟಿದರೆ ಹಪ್ಪಳದಂತೆ ಉದುರುತ್ತದೆ, ಒಳಗಿನ ತಾಮ್ರ ಬರಿಮೈಯಲ್ಲಿ ಕ್ಯಾಬಿನೆಟ್ಟಿನ ತಗಡಿಗೆ ತಾಗಿ ಕೂತಿರುತ್ತದೆ. ಆ ಕಾಲದ ಪ್ಲಗ್ಗಿಗೆ ಎರಡೇ ಕಡ್ಡಿ, ಅರ್ಥಿಂಗ್ ಎಂಬುದೇ ಇಲ್ಲ. ಇಡೀ ಯಂತ್ರ ಲೋಹದ್ದು, ಅದನ್ನು ಮುಟ್ಟುವವರು ಒದ್ದೆ ಬಾಟಲಿ ಹಿಡಿದ ಕೈಯವರು. ಆದ್ದರಿಂದ ಮೊದಲ ಕೆಲಸ ಮೂರು ಎಳೆಯ ಹೊಸ ಕೇಬಲ್, ಅರ್ಥ್ ಎಳೆಯನ್ನು ಬಣ್ಣ ಕೆರೆದ ಬರಿ ತಗಡಿಗೆ ನಟ್ಟು ಹಾಕಿ ಬಿಗಿಯುವುದು, ಒಳಗಿನ ವೈರಿಂಗನ್ನು ಒಂದೊಂದೇ ಎಳೆ ಬದಲಾಯಿಸುವುದು. ಎಲ್ಲ ಒಟ್ಟಿಗೆ ಕಿತ್ತರೆ ಆಮೇಲೆ ತಲೆಬುಡ ತಿಳಿಯುವುದಿಲ್ಲ. ಫೋಟೋ ತೆಗೆದುಕೊಂಡು, ಪ್ರತಿ ತುದಿಗೂ ಚೀಟಿ ಕಟ್ಟಿ, ಒಂದು ಮುಗಿದ ಮೇಲೆ ಇನ್ನೊಂದು.

ಆಮೇಲೆ ಕಂಪ್ರೆಸರಿನ ಮೂರು ಟರ್ಮಿನಲ್‌ಗಳನ್ನು ಮಲ್ಟಿಮೀಟರಿನಲ್ಲಿ ಅಳೆಯಬೇಕು. ಕಾಮನ್, ರನ್, ಸ್ಟಾರ್ಟ್. ಕಾಮನ್‌ನಿಂದ ರನ್‌ಗೆ ಓಮ್ ಎಲ್ಲಕ್ಕಿಂತ ಕಡಿಮೆ, ಕಾಮನ್‌ನಿಂದ ಸ್ಟಾರ್ಟ್‌ಗೆ ಅದಕ್ಕಿಂತ ಹೆಚ್ಚು, ರನ್ ಮತ್ತು ಸ್ಟಾರ್ಟ್ ನಡುವೆ ಅವೆರಡರ ಮೊತ್ತ. ಈ ಲೆಕ್ಕ ಕೂಡಿಬಂದರೆ ಸುರುಳಿಗಳು ಸರಿಯಿವೆ. ಯಾವ ಟರ್ಮಿನಲ್‌ನಿಂದಲೂ ಕಂಪ್ರೆಸರಿನ ಮೈಗೆ ಓಮ್ ತೋರಿಸಬಾರದು. ತೋರಿಸಿತೆಂದರೆ ಸುರುಳಿ ಸುಟ್ಟು ಮೈಗೆ ತಾಗಿದೆ, ಅಲ್ಲಿಗೆ ಆ ಕಂಪ್ರೆಸರ್ ಮುಗಿಯಿತು. ಕಂಪ್ರೆಸರ್ ಚೆನ್ನಾಗಿದ್ದೂ ಗುಂಯ್ ಎಂದು ಐದು ಸೆಕೆಂಡು ನರಳಿ ಟಕ್ ಎಂದು ನಿಂತರೆ ತಪ್ಪು ಹೆಚ್ಚಾಗಿ ಮೋಟಾರನ್ನು ಶುರುಮಾಡಿಸುವ ಸ್ವಿಚ್ಚಾದ ಸ್ಟಾರ್ಟ್ ರಿಲೇದು ಅಥವಾ ಕೆಪಾಸಿಟರಿನದು. ಈ ರಿಲೇ ಬದಲಿಸುವಾಗಲೇ ಬಹಳ ಜನ ಎಡವುವುದು. ಹಳೆಯ ಕರೆಂಟ್ ರಿಲೇಯ ಒಳಗಿನ ತುಂಡು ತನ್ನ ಭಾರದಿಂದಲೇ ಕೆಳಗಿಳಿದು ಸಂಪರ್ಕ ಬಿಡಿಸಬೇಕು, ಹಾಗಾಗಿ ಅದರ ಮೇಲೆ ಬಾಣದ ಗುರುತೋ ‘ಮೇಲೆ’ ಎಂಬ ಬರಹವೋ ಇರುತ್ತದೆ. ತಲೆಕೆಳಗಾಗಿ ಕೂರಿಸಿದರೆ ಸ್ಟಾರ್ಟ್ ಸುರುಳಿಗೆ ಕರೆಂಟು ಕಡಿಯುವುದೇ ಇಲ್ಲ. ಒಂದೆರಡು ಸೆಕೆಂಡಿಗಷ್ಟೇ ಕೆಲಸ ಮಾಡಬೇಕಾದ ತೆಳು ತಂತಿ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಚೆನ್ನಾಗಿದ್ದ ಎಷ್ಟೋ ಮೂಲ ಕಂಪ್ರೆಸರುಗಳು ಸತ್ತದ್ದು ಹೀಗೆ.

ಓಡತೊಡಗಿದ ಮೇಲೆ ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ ಪಟ್ಟಿಯ ಮೇಲಿನ ಅಂಕಿಗೆ ಹೋಲಿಸಬೇಕು. ಬಿಸಿ ಹೊರಹಾಕುವ ಕಂಡೆನ್ಸರಿನ ರೆಕ್ಕೆಗಳ ನಡುವೆ ದಶಕಗಳ ಧೂಳು ಕಂಬಳಿಯಂತೆ ಕೂತಿರುತ್ತದೆ, ಅದನ್ನು ಬ್ರಷ್ ಮತ್ತು ವ್ಯಾಕ್ಯೂಮ್ ಹಿಡಿದು ತೆಗೆಯದೆ ಓಡಿಸಿದರೆ ಬಿಸಿ ಹೊರಹೋಗದೆ ಓವರ್‌ಲೋಡ್ ಸ್ವಿಚ್ಚು ಕರೆಂಟನ್ನು ಕಡಿಯುತ್ತಲೇ ಇರುತ್ತದೆ. ಫ್ಯಾನಿನ ಮೋಟಾರಿಗೆ ಎಣ್ಣೆ ತೂತು ಇದ್ದರೆ ಎರಡೇ ಹನಿ ತೆಳು ಮೆಷಿನ್ ಎಣ್ಣೆ ಸಾಕು.

ತಂಪಿನ ಮರ್ಯಾದೆ

ಸೋಡಾಕ್ಕೆ ತಂಪು ಬರೀ ಬಾಯಿರುಚಿಯ ಮಾತಲ್ಲ. ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುತ್ತದೆ, 20 ಡಿಗ್ರಿಯಲ್ಲಿ ಅದರ ಅರ್ಧದಷ್ಟೇ. ಬೆಚ್ಚಗಿನ ಬಾಟಲಿ ಮುಚ್ಚಳ ತೆಗೆದೊಡನೆ ಬುಸ್ಸೆಂದು ಉಕ್ಕಿ ಸಪ್ಪೆಯಾಗುತ್ತದೆ. ತಣ್ಣನೆಯದು ಕೊನೆಯ ಗುಟುಕಿನವರೆಗೆ ನಾಲಿಗೆ ಚುರುಗುಟ್ಟಿಸುತ್ತದೆ. ಬಾಟಲಿಯೊಳಗಿನ ಪಾನೀಯ 1ರಿಂದ 3 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಇಳಿಸಿ ಮೈನಸ್‌ಗೆ ಹೋದರೆ ಹಿಂದಿನ ಸಾಲಿನ ಬಾಟಲಿಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಸಕ್ಕರೆಯಿಲ್ಲದ ಡಯಟ್ ಬಾಟಲಿಗಳು ಮೊದಲು ಒಡೆಯುತ್ತವೆ, ಹೆಪ್ಪುಗಟ್ಟುವ ಬಿಂದುವನ್ನು ಕೆಳಗಿಳಿಸಲು ಅವುಗಳಲ್ಲಿ ಸಕ್ಕರೆ ಇಲ್ಲವಲ್ಲ. ಗಾಳಿಯ ಉಷ್ಣತೆ ನೋಡಿ ಥರ್ಮೋಸ್ಟಾಟ್ ತಿರುಗಿಸಬೇಡಿ. ನೀರು ತುಂಬಿದ ಬಾಟಲಿಯೊಂದರಲ್ಲಿ ಥರ್ಮಾಮೀಟರ್ ಇಳಿಬಿಟ್ಟು, ನಡುವಿನ ಸಾಲಿನಲ್ಲಿಟ್ಟು, ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ನೋಡಿ.

ಇನ್ನು ಕೊಳವೆಗಳಲ್ಲಿ ಸುತ್ತಿ ತಂಪು ಮಾಡುವ ಗ್ಯಾಸ್. 1950ರ ದಶಕದ ಹೆಚ್ಚಿನ ಯಂತ್ರಗಳಲ್ಲಿರುವುದು ಆರ್-12. ಅದಕ್ಕಿಂತ ಹಳೆಯ, 1930–40ರ ದಶಕದ ಕೆಲವು ಘಟಕಗಳಲ್ಲಿ ಸಲ್ಫರ್ ಡೈಆಕ್ಸೈಡ್ ಅಥವಾ ಮೀಥೈಲ್ ಕ್ಲೋರೈಡ್ ಇದ್ದವು. ಎರಡೂ ವಿಷ. ಪಟ್ಟಿಯ ಮೇಲೆ ಈ ಹೆಸರು ಕಂಡರೆ ಕೊಳವೆಗೆ ಸ್ಪ್ಯಾನರ್ ಮುಟ್ಟಿಸಬೇಡಿ, ತಿಳಿದವರನ್ನೇ ಕರೆಸಿ. ಆರ್-12 ಓಝೋನ್ ಪದರಕ್ಕೆ ಮಾರಕವೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ನಿಯಂತ್ರಣಕ್ಕೆ ಬಂತು, ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೆ ನಿಂತಿತು. ಅದನ್ನು ಗಾಳಿಗೆ ಬಿಡುವುದು ಅಲ್ಲಿ ಅಪರಾಧ, ಪ್ರಮಾಣಪತ್ರ ಇರುವವರೇ ಹೊರತೆಗೆಯಬೇಕು. ಹಾಗಾಗಿ ನಿಯಮ ಸರಳ: ಮುಚ್ಚಿದ ಕೊಳವೆ ತಂಪು ಕೊಡುತ್ತಿದ್ದರೆ ಅದನ್ನು ತೆರೆಯಬೇಡಿ. ಒಳಗಿನ ತಣ್ಣನೆಯ ಕೊಳವೆ ಸುರುಳಿಯ, ಅಂದರೆ ಕಾಯಿಲ್‌ನ, ಮೇಲೆ ಹಿಮ ಹೇಗೆ ಕೂರುತ್ತದೆ ಎಂದು ನೋಡಿ. ಉದ್ದಕ್ಕೂ ಸಮನಾಗಿ ಬೆಳ್ಳಗಾದರೆ ಗ್ಯಾಸ್ ಸಾಕಷ್ಟಿದೆ. ಮೊದಲ ಒಂದೆರಡು ಸುತ್ತು ಮಾತ್ರ ಬೆಳ್ಳಗಾಗಿ ಉಳಿದದ್ದು ಬೆವರುತ್ತಾ ನಿಂತರೆ ಎಲ್ಲೋ ಸೋರಿಕೆ, ಇಲ್ಲವೇ ಕೂದಲೆಳೆಯಂಥ ಕ್ಯಾಪಿಲರಿ ಕೊಳವೆ ಅರೆಬರೆ ಕಟ್ಟಿಕೊಂಡಿದೆ.

ಆರ್-134ಎ ಎಂಬ ಹೊಸ ಗ್ಯಾಸಿಗೆ ಬದಲಾಯಿಸುವುದು ಸಾಧ್ಯ. ಆದರೆ ಹಳೆಯ ಗ್ಯಾಸ್ ತೆಗೆದು ಹೊಸದು ತುಂಬಿದರೆ ಮುಗಿಯಿತು ಎಂದುಕೊಂಡವರ ಯಂತ್ರಗಳು ಒಂದು ಬೇಸಿಗೆಯನ್ನೂ ಕಳೆಯುವುದಿಲ್ಲ. ಆರ್-12ರ ಜೊತೆಗಿರುವುದು ಖನಿಜ ತೈಲ. ಹೊಸ ಗ್ಯಾಸ್ ಅದರಲ್ಲಿ ಬೆರೆಯುವುದಿಲ್ಲ, ತೈಲ ಕಾಯಿಲಿನಲ್ಲೇ ನಿಂತು ಕಂಪ್ರೆಸರ್ ಒಣಗಿ ಸವೆಯುತ್ತದೆ. ಪಾಲಿಯಾಲ್ ಎಸ್ಟರ್ ತೈಲ ಹಾಕಬೇಕು, ತೇವ ಹೀರುವ ಫಿಲ್ಟರ್ ಡ್ರೈಯರ್ ಹೊಸದಾಗಬೇಕು, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ತೆಗೆದು ವ್ಯಾಕ್ಯೂಮ್ ಮೀಟರಿನಲ್ಲಿ 500 ಮೈಕ್ರಾನ್‌ವರೆಗೆ ಇಳಿಸಿ ಅಲ್ಲಿ ನಿಲ್ಲುತ್ತದೆಯೇ ನೋಡಬೇಕು. ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ, ಹಳೆಯ ಪ್ರಮಾಣದ ಶೇಕಡಾ 80–90ರಷ್ಟನ್ನು ಮಾತ್ರ ತುಂಬಬೇಕು. ಪೂರ್ತಿ ಬೆಸುಗೆ ಹಾಕಿದ ಕಂಪ್ರೆಸರಿನಿಂದ ಹಳೆಯ ತೈಲ ಬಸಿಯಬೇಕೆಂದರೆ ಅದನ್ನು ಕಳಚಿ ಬೋರಲು ಹಾಕಲೇಬೇಕು. ಇಷ್ಟೆಲ್ಲ ಮಾಡುವ ಬದಲು ಅದೇ ಸಾಮರ್ಥ್ಯದ ಹೊಸ ಕಂಪ್ರೆಸರ್ ಹಾಕಿಸುವುದು ಅನೇಕ ಸಲ ಲೇಸು. ಕಣ್ಣಿಗೆ ಬೀಳದ ಜಾಗದಲ್ಲಿ ಹೊಸ ಭಾಗ ಬಂದರೆ ಯಂತ್ರದ ಹಳೆತನಕ್ಕೆ ಕುಂದಿಲ್ಲ.

ತುಕ್ಕು ಎಲ್ಲಿಂದ ಬಂತು

ಹಳೆಯ ಸೋಡಾ ಯಂತ್ರಗಳ ಸಾಲೊಂದನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ತಲೆ, ಭುಜ, ಎದೆ ಎಲ್ಲ ಗಟ್ಟಿ, ಕೆಳಗಿನ ಒಂದು ಗೇಣು ಮಾತ್ರ ಜರಡಿ. ಮಳೆಯೋ ನೆಲದ ತೇವವೋ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಅಡಿಯ ತಗಡು ಬಿಚ್ಚಿ ನೋಡಿದರೆ ಕಾರಣ ಬೇರೆಯೇ. ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಆ ನೀರು ಬೆರಳು ದಪ್ಪದ ಕೊಳವೆಯಲ್ಲಿ ಹರಿದು ಕಂಪ್ರೆಸರಿನ ಪಕ್ಕದ ತಟ್ಟೆಗೆ ಬಿದ್ದು ಅಲ್ಲಿಯ ಬಿಸಿಗಾಳಿಗೆ ಆರಬೇಕು. ಒಡೆದ ಬಾಟಲಿಗಳ ಸಕ್ಕರೆ ಪಾಕ, ಧೂಳು, ಇಲಿ ತಂದಿಟ್ಟ ಕಾಗದದ ಚೂರು ಎಲ್ಲ ಸೇರಿ ಈ ಕೊಳವೆಯ ಬಾಯಿಗೆ ಅಂಟಂಟಾದ ಕಪ್ಪು ಬಿರಡೆಯಾಗುತ್ತವೆ. ನೀರು ಬಾಟಲಿಗಳಿರುವ ಒಳತೊಟ್ಟಿಯ ಅಂಚು ಮೀರಿ, ತಂಪು ಹಿಡಿದಿಡಲು ಎರಡು ತಗಡುಗಳ ನಡುವೆ ತುಂಬಿದ ಗಾಜುನಾರಿಗೆ ಇಳಿಯುತ್ತದೆ. ಗಾಜುನಾರು ಅದನ್ನು ಸ್ಪಂಜಿನಂತೆ ಹೀರಿಕೊಂಡು ಹೊರತಗಡಿಗೆ ಒತ್ತಿ ಹಿಡಿಯುತ್ತದೆ, ವರ್ಷಗಟ್ಟಲೆ. ತುಕ್ಕು ಹೊರಗಿನಿಂದ ಒಳಕ್ಕೆ ಬಂದದ್ದಲ್ಲ. ಹೊರಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆದರೆ ಎರಡು ವರ್ಷದಲ್ಲಿ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ ಎನ್ನುವುದು ಇದಕ್ಕೇ.

ಆದ್ದರಿಂದ ಒಳತೊಟ್ಟಿ ಎತ್ತಿ, ಹಳೆಯ ನಾರನ್ನೆಲ್ಲ ತೆಗೆಯಲೇಬೇಕು. ಮುಖಕ್ಕೆ ರೆಸ್ಪಿರೇಟರ್, ಕೈಗೆ ಗವಸು ಬೇಕು. ಒಳಗೆ ಇಲಿಯ ಹಿಕ್ಕೆ ಇದ್ದೇ ಇರುತ್ತದೆ, ಗುಡಿಸುವ ಮೊದಲು ಬ್ಲೀಚ್ ನೀರು ಚಿಮುಕಿಸಿ ನೆನೆಸಬೇಕು. ಒಳತೊಟ್ಟಿಗೂ ಹೊರಕವಚಕ್ಕೂ ನಡುವೆ ಸುತ್ತಲೂ ಇರುವ ಪ್ಲಾಸ್ಟಿಕ್ ಪಟ್ಟಿಗಳನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿಯೇ ಕೀಳಬೇಕು, ತಣ್ಣಗಿರುವಾಗ ಎಳೆದರೆ ಬಿಸ್ಕತ್ತಿನಂತೆ ಮುರಿಯುತ್ತವೆ. ತೂತಾದ ತಗಡನ್ನು ಕತ್ತರಿಸಿ ಹೊಸ ತುಂಡು ಬೆಸೆಯಬೇಕು, ಬರೀ ಮೇಲ್ಮೈ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ತುಕ್ಕು ಪರಿವರ್ತಕ ಸಾಕು. ಹೊಸ ನಿರೋಧಕಕ್ಕೆ ನೀರು ಹೀರದ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಹಲಗೆ ಒಳ್ಳೆಯದು, ಸಂದುಗಳಿಗೆ ಟೇಪು. ಒಳಗೆ ಚೆಲ್ಲಿದ ನೀರಿನ ಹಾಗೆ ಹೊರಗಿನ ಬೆಚ್ಚಗಿನ ಗಾಳಿಯ ತೇವವೂ ಅಪಾಯಕಾರಿ, ಅದು ಸಂದುಗಳಲ್ಲಿ ನುಸುಳಿ ತಣ್ಣನೆಯ ಕಡೆ ನೀರಾಗುತ್ತದೆ. ಹಾಗಾಗಿ ಹೊರತಗಡಿನ ಪ್ರತಿ ತೂತನ್ನೂ, ವೈರು ಬರುವ ದಾರಿಯನ್ನೂ ಸೀಲ್ ಮಾಡಬೇಕು.

ಅದೇ ಕಾರಣಕ್ಕೆ ಬಾಗಿಲಿನ ಗ್ಯಾಸ್ಕೆಟ್. ನಮ್ಮೂರಿನ ಗೋಲಿ ಸೋಡಾ ತುಂಬುವವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬಾಟಲಿಯ ಕತ್ತಿನ ರಬ್ಬರ್ ಉಂಗುರ ಗಟ್ಟಿಯಾದರೆ ಗೋಲಿ ಎಷ್ಟು ದುಂಡಗಿದ್ದರೂ ಗ್ಯಾಸ್ ನಿಲ್ಲುವುದಿಲ್ಲ. ಇಲ್ಲೂ ಹಾಗೇ. ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸುತ್ತಲೂ ಪ್ರತಿ ಗೇಣಿಗೂ ನೋಟು ಬಿಗಿಯಾಗಿ ಬರಬೇಕು. ಇನ್ನೊಂದು ಉಪಾಯ, ರಾತ್ರಿ ಒಳಗೆ ಟಾರ್ಚ್ ಹಚ್ಚಿಟ್ಟು ಬಾಗಿಲು ಮುಚ್ಚಿ, ಎಲ್ಲಿ ಬೆಳಕು ಸೋರುತ್ತದೆಂದು ನೋಡುವುದು. ಹೊಸ ಗ್ಯಾಸ್ಕೆಟ್ ಸುರುಳಿಯಾಗಿ ಬರುತ್ತದೆ. ಬಿಸಿನೀರಿನಲ್ಲಿ ನೆನೆಸಿ ಮೆದು ಮಾಡಿ, ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿ, ಎಳೆಯದೆ ಕೂರಿಸಬೇಕು. ಎಳೆದು ಕೂರಿಸಿದ ರಬ್ಬರ್ ಒಂದು ತಿಂಗಳಲ್ಲಿ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ.

ನಾಣ್ಯ ತೂಗುವ ತೊಟ್ಟಿಲು

ಇಡೀ ಯಂತ್ರದಲ್ಲಿ ಬೆರಗು ಹುಟ್ಟಿಸುವ ಭಾಗ ಅಂಗೈಯಗಲದ ನಾಣ್ಯದ ಪೆಟ್ಟಿಗೆ. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಒಂದು ನಿಕಲ್ ನಾಣ್ಯವನ್ನು ಮೇಲಿನಿಂದ ನಿಧಾನಕ್ಕೆ ಬಿಟ್ಟು ನೋಡುತ್ತಾ ಒಂದು ಗಂಟೆ ಕಳೆಯಬಹುದು. ಕರೆಂಟಿಲ್ಲ, ಬರೀ ಭಾರ ಮತ್ತು ಆಯಸ್ಕಾಂತ. ನಾಣ್ಯ ಮೊದಲು ಎರಡು ಕೊಂಬಿನ ಪುಟ್ಟ ತೊಟ್ಟಿಲಿಗೆ ಬೀಳುತ್ತದೆ. 21.21 ಮಿಲಿಮೀಟರ್ ಅಗಲವಿದ್ದರೆ ಕೊಂಬುಗಳ ನಡುವೆ ಕೂರುತ್ತದೆ, ಸಣ್ಣದಾದರೆ ನಡುವೆ ಜಾರಿ ವಾಪಸ್ ಬರುವ ದಾರಿ ಹಿಡಿಯುತ್ತದೆ. ಕೂತ ನಾಣ್ಯ 5 ಗ್ರಾಮ್ ತೂಗಿದರೆ ಇನ್ನೊಂದು ತುದಿಯ ಪ್ರತಿಭಾರವನ್ನು ಮೀರಿ ತೊಟ್ಟಿಲು ವಾಲುತ್ತದೆ, ನಾಣ್ಯ ಉರುಳಿ ಇಳಿಜಾರಿಗೆ ಬೀಳುತ್ತದೆ. ಅಲ್ಲಿ ಆಯಸ್ಕಾಂತ ಕಾದಿದೆ. ಕಬ್ಬಿಣದ ವಾಷರ್ ಆದರೆ ಅಲ್ಲೇ ಅಂಟಿಕೊಳ್ಳುತ್ತದೆ. ತಾಮ್ರದ ಬಿಲ್ಲೆಯಾದರೆ ಅಂಟುವುದಿಲ್ಲ, ಆದರೆ ಅದರೊಳಗೆ ಹುಟ್ಟುವ ಸುಳಿ ವಿದ್ಯುತ್ತು ಬ್ರೇಕ್ ಹಾಕಿದಂತೆ ಅದನ್ನು ತಡೆಯುತ್ತದೆ. ಮೂರು ಪಾಲು ತಾಮ್ರ, ಒಂದು ಪಾಲು ನಿಕಲ್ ಬೆರೆತ ಅಸಲಿ ನಾಣ್ಯದಲ್ಲಿ ಆ ತಡೆ ಕಡಿಮೆ, ಅದು ತನ್ನದೇ ವೇಗದಲ್ಲಿ ಹೊರಬಂದು ಒಂದು ಉಕ್ಕಿನ ಗುಬುಟಿಗೆ ಬಡಿದು ಪುಟಿಯುತ್ತದೆ. ಸರಿಯಾದ ವೇಗದಲ್ಲಿ ಬಂದದ್ದು ಮಾತ್ರ ಸರಿಯಾದ ಕಿಂಡಿಗೆ ಪುಟಿಯುತ್ತದೆ, ನಿಧಾನವಾದದ್ದು ಇತ್ತಲೇ ಬೀಳುತ್ತದೆ.

ಈ ಪೆಟ್ಟಿಗೆಗಾಗಿ ಒಂದು ದೇಶದ ಟಂಕಸಾಲೆಯೇ ತಲೆಕೆಡಿಸಿಕೊಂಡಿತ್ತು. ಯುದ್ಧಕ್ಕೆ ನಿಕಲ್ ಬೇಕಾಗಿ 1942ರಿಂದ 1945ರವರೆಗೆ ಐದು ಸೆಂಟಿನ ನಾಣ್ಯವನ್ನು ಶೇಕಡಾ 56 ತಾಮ್ರ, 35 ಬೆಳ್ಳಿ, 9 ಮ್ಯಾಂಗನೀಸ್ ಬೆರೆಸಿ ಅಚ್ಚು ಹಾಕಿದರು. ಮಾರಾಟ ಯಂತ್ರಗಳು ಹಳೆಯ ನಾಣ್ಯವೆಂದೇ ಒಪ್ಪಿಕೊಳ್ಳುವಂತೆ ಆ ಮಿಶ್ರಣ ಹೊಂದಿಸಿದ್ದರು. 1965ರಲ್ಲಿ ಡೈಮ್ (ಹತ್ತು ಸೆಂಟು) ಮತ್ತು ಕ್ವಾರ್ಟರ್‌ (ಇಪ್ಪತ್ತೈದು ಸೆಂಟು) ನಾಣ್ಯಗಳಿಂದ ಬೆಳ್ಳಿ ತೆಗೆದಾಗ ನಡುವೆ ಶುದ್ಧ ತಾಮ್ರ ಇಟ್ಟದ್ದೂ, ಆಯಸ್ಕಾಂತದ ಮುಂದೆ ಅದು ಬೆಳ್ಳಿಯಂತೆಯೇ ನಡೆದುಕೊಳ್ಳಲಿ ಎಂದು. ಇನ್ನೂ ಒಂದಿದೆ. 1886ರಲ್ಲಿ ಐದು ಸೆಂಟಿಗೆ ಮಾರಾಟ ಶುರುವಾದ ಕೋಕಾ-ಕೋಲಾ ಎಪ್ಪತ್ತು ವರ್ಷ ಅದೇ ಬೆಲೆಯಲ್ಲಿ ನಿಂತದ್ದಕ್ಕೆ ಈ ಯಂತ್ರಗಳೂ ಒಂದು ಕಾರಣ. ಒಂದೇ ನಾಣ್ಯ ಗುರುತಿಸುವ ಯಂತ್ರದಲ್ಲಿ ಬೆಲೆ ಏರಿಸಬೇಕೆಂದರೆ ನಿಕಲ್‌ನಿಂದ ಡೈಮ್‌ಗೆ ಜಿಗಿಯಬೇಕು, ಅಂದರೆ ಒಮ್ಮೆಲೇ ಎರಡು ಪಟ್ಟು. 1953ರಲ್ಲಿ ಕಂಪನಿಯ ರಾಬರ್ಟ್ ವುಡ್ರಫ್, ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಪತ್ರ ಬರೆದು ಏಳೂವರೆ ಸೆಂಟಿನ ನಾಣ್ಯ ಹೊರಡಿಸಿ ಎಂದು ಕೇಳಿಕೊಂಡರು. ಆ ನಾಣ್ಯ ಬರಲಿಲ್ಲ. ಇಷ್ಟೆಲ್ಲ ಇತಿಹಾಸ ಹೊತ್ತ ಪೆಟ್ಟಿಗೆಯನ್ನು ‘ಹೇಗೂ ಮನೆಯಲ್ಲಿ ಯಾರು ದುಡ್ಡು ಹಾಕುತ್ತಾರೆ’ ಎಂದು ಕಸಕ್ಕೆಸೆಯುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಅದನ್ನು ಸರಿಪಡಿಸುವುದೇನೂ ಕಷ್ಟವಿಲ್ಲ. ಹತ್ತರಲ್ಲಿ ಎಂಟಕ್ಕೆ ಬರೀ ಕೊಳೆಯೇ ರೋಗ. ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಹಲ್ಲುಜ್ಜುವ ಬ್ರಷ್, ಕಿವಿಯ ಹತ್ತಿಕಡ್ಡಿ ಸಾಕು. ಆಯಸ್ಕಾಂತಕ್ಕೆ ಮೀಸೆಯಂತೆ ಅಂಟಿಕೊಂಡ ಕಬ್ಬಿಣದ ಪುಡಿಯನ್ನು ಬ್ರಷ್ ಬಿಡಿಸದು, ಅಂಟುಟೇಪು ಒತ್ತಿ ಎತ್ತಬೇಕು. ಆ ಮೀಸೆ ಅರ್ಧ ಮಿಲಿಮೀಟರ್ ಇದ್ದರೂ ಅಸಲಿ ನಾಣ್ಯ ಅದಕ್ಕೆ ಉಜ್ಜಿ ನಿಧಾನವಾಗಿ ತಿರಸ್ಕಾರದ ಕಿಂಡಿಗೆ ಬೀಳುತ್ತದೆ. ಎಣ್ಣೆ ಮಾತ್ರ ಒಂದು ಹನಿಯೂ ಬೇಡ. ಎಣ್ಣೆಗೆ ಧೂಳು ಅಂಟಿ ಮೇಣವಾಗುತ್ತದೆ, ತೊಟ್ಟಿಲು ಭಾರವಾಗುತ್ತದೆ, ಒಂದು ವರ್ಷದಲ್ಲಿ ಮೊದಲಿನ ಸ್ಥಿತಿ. ಪ್ರತಿಭಾರದ ತಿರುಪನ್ನು, ಗುಬುಟಿಯ ಕೋನವನ್ನು ಮುಟ್ಟಬೇಡಿ, ಕಾರ್ಖಾನೆಯಲ್ಲಿ ಹೊಂದಿಸಿದ್ದು ತಾನಾಗಿ ಕದಲುವುದಿಲ್ಲ. ಒಳ್ಳೆಯ ನಾಣ್ಯವನ್ನೂ ಉಗುಳುತ್ತಿದ್ದರೆ ಮೊದಲು ಯಂತ್ರದ ತಲೆಯ ಮೇಲೆ ರಸಮಟ್ಟ ಇಟ್ಟು ನೋಡಿ. ಗ್ಯಾರೇಜಿನ ನೆಲ ಸಾಮಾನ್ಯವಾಗಿ ಬಾಗಿಲ ಕಡೆಗೆ ಇಳಿಜಾರು, ತೊಟ್ಟಿಲು ತೂಗುವುದು ಪೆಟ್ಟಿಗೆ ನೆಟ್ಟಗಿದ್ದಾಗ ಮಾತ್ರ. ಕಾಲುಗಳ ಕೆಳಗೆ ಬಿಲ್ಲೆ ಕೊಟ್ಟು ಮಟ್ಟ ಮಾಡಿದರೆ ಅರ್ಧ ದೂರು ಅಲ್ಲಿಗೇ ತೀರುತ್ತದೆ.

ಬಾಟಲಿಯ ದಾರಿಗೆ ಬೇರೆ ನ್ಯಾಯ. ಅಲ್ಲಿನ ಸನ್ನೆಗಳು, ಕೊಕ್ಕೆಗಳು ಸ್ಪ್ರಿಂಗಿನ ಬಲದಲ್ಲಿ ಒಂದನ್ನೊಂದು ಉಜ್ಜುತ್ತವೆ. ಗಟ್ಟಿಯಾದ ಹಳೆಯ ಗ್ರೀಸನ್ನು ಮಿನರಲ್ ಸ್ಪಿರಿಟ್‌ನಲ್ಲಿ ತೊಳೆದು, ಬಿಳಿ ಲಿಥಿಯಂ ಗ್ರೀಸನ್ನು ಬೆರಳಲ್ಲಿ ಒರೆಸಿದಷ್ಟು ತೆಳುವಾಗಿ ಸವರಬೇಕು. ದಪ್ಪ ಗ್ರೀಸ್ ತಂಪಿಗೆ ಬಿಗಿಯುತ್ತದೆ, ಬೇಸಿಗೆಯ ಗ್ಯಾರೇಜಿನಲ್ಲಿ ಸಲೀಸಾಗಿ ತಿರುಗಿದ ಸನ್ನೆ ಎರಡು ಡಿಗ್ರಿಯಲ್ಲಿ ಕದಲುವುದಿಲ್ಲ. ಸತುವಿನ ಎರಕದ ಭಾಗಗಳ ತಿರುಪನ್ನು ಜೋರಾಗಿ ಬಿಗಿದರೆ ತಿರುಪು ಕೂರುವ ಕಿವಿಯೇ ಮುರಿದು ಕೈಗೆ ಬರುತ್ತದೆ, ಅದಕ್ಕೆ ಸುಲಭವಾಗಿ ಬೆಸುಗೆ ಹಿಡಿಯುವುದಿಲ್ಲ. ಪರೀಕ್ಷೆಗೆ ಖಾಲಿ ಬಾಟಲಿ ಬಳಸಬೇಡಿ. ಬಾಟಲಿ ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಉರುಳಿ ಮುಂದೆ ಬರಬೇಕು, ಖಾಲಿಯದು ಅರ್ಧದಲ್ಲೇ ನಿಲ್ಲುತ್ತದೆ. ನೀರು ತುಂಬಿ ಮುಚ್ಚಳ ಹಾಕಿದ ಬಾಟಲಿಗಳಿಂದ ಪ್ರತಿ ಸಾಲನ್ನೂ ಕೊನೆಯ ಬಾಟಲಿಯವರೆಗೆ ಖಾಲಿ ಮಾಡಿ ನೋಡಬೇಕು. ಎಷ್ಟೋ ಯಂತ್ರಗಳು ತುಂಬಿದ್ದಾಗ ಚೆನ್ನಾಗಿ ಕೊಟ್ಟು, ಹಿಂದಿನಿಂದ ತಳ್ಳುವ ಬಾಟಲಿ ಇಲ್ಲದಾಗ ಕೊನೆಯೆರಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಂಥ ಸಾಲಿನ ತಗಡು ಎಲ್ಲೋ ನಗ್ಗಿದೆ ಎಂದರ್ಥ. ಇನ್ನು, ಈ ಯಂತ್ರಗಳು ಹುಟ್ಟಿದ್ದು ಆರೂವರೆ ಔನ್ಸಿನ, ಅಂದರೆ 192 ಮಿಲಿಲೀಟರಿನ ಬಾಟಲಿಗೆ. ಈಗಿನ ಬಾಟಲಿಯ ಹೊಟ್ಟೆಯ ಸುತ್ತಳತೆ ಮತ್ತು ಎತ್ತರ ಅಳೆಯದೆ ತುಂಬಬೇಡಿ. ಹೊಟ್ಟೆ ದೊಡ್ಡದಾದದ್ದು ಸಾಲಿನ ನಡುವೆ ಸಿಕ್ಕಿಕೊಂಡರೆ ಎಲ್ಲವನ್ನೂ ಬಿಚ್ಚಬೇಕು.

ಬೆಂಗಳೂರಿಗೆ ತರುವವರಿಗೆ

ಕೋಕಾ-ಕೋಲಾ 1977ರಲ್ಲಿ ಭಾರತ ಬಿಟ್ಟು 1993ರಲ್ಲಿ ಮರಳಿತು. ನಾಣ್ಯ ನುಂಗುವ ಈ ಕೆಂಪು ಯಂತ್ರಗಳು ನಮ್ಮ ಬೀದಿಗಳ ನೆನಪಲ್ಲ. ಆದರೂ ಅಮೆರಿಕದಲ್ಲಿ ದುಡಿದು ಹಿಂದಿರುಗುವವರು ಕಂಟೇನರಿನಲ್ಲಿ ಸೋಫಾ, ಪಿಯಾನೋಗಳ ಜೊತೆ ಇದನ್ನೂ ತರುವ ಯೋಚನೆ ಮಾಡುತ್ತಾರೆ. ಅವರಿಗೊಂದು ಲೆಕ್ಕ. ಯಂತ್ರದ ಮೋಟಾರು 115 ವೋಲ್ಟ್, 60 ಹರ್ಟ್ಝ್‌ಗೆ ಮಾಡಿದ್ದು. ನಮ್ಮದು 230 ವೋಲ್ಟ್, 50 ಹರ್ಟ್ಝ್. ಅಂಗಡಿಯಲ್ಲಿ ಸಿಗುವ 110 ವೋಲ್ಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಆವರ್ತನವನ್ನು ಬದಲಿಸುವುದಿಲ್ಲ. 115ನ್ನು 60ರಿಂದ ಭಾಗಿಸಿ 50ರಿಂದ ಗುಣಿಸಿದರೆ ಸುಮಾರು 96. ಅಂದರೆ 50 ಹರ್ಟ್ಝ್‌ನಲ್ಲಿ ಈ ಮೋಟಾರಿಗೆ 96 ವೋಲ್ಟ್ ಸಾಕು. 110 ಕೊಟ್ಟರೆ ಕಬ್ಬಿಣದ ತಿರುಳು ತಾಳಲಾರದೆ ಕರೆಂಟು ಹೆಚ್ಚು ಎಳೆದು ಕಾಯುತ್ತದೆ, ಜೊತೆಗೆ ಆರರಲ್ಲಿ ಐದು ಪಾಲು ವೇಗದಲ್ಲೇ ತಿರುಗುವುದರಿಂದ ತಂಪೂ ಕಡಿಮೆ. ಶುರುವಾಗುವಾಗ ಕಂಪ್ರೆಸರ್ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಚಿಕ್ಕ ಟ್ರಾನ್ಸ್‌ಫಾರ್ಮರ್ ಅಲ್ಲೇ ಸೋಲುತ್ತದೆ. ಇಲ್ಲಿ ಸಿಗುವ 230 ವೋಲ್ಟಿನ ಕಂಪ್ರೆಸರ್ ಮತ್ತು ಫ್ಯಾನ್ ಹಾಕಿಸಿ, ಕ್ಯಾಪಿಲರಿ ಕೊಳವೆಯನ್ನು ಅದಕ್ಕೆ ಹೊಂದಿಸಿ, ಮೂಲ ಘಟಕವನ್ನು ಎಣ್ಣೆ ಬಟ್ಟೆ ಸುತ್ತಿ ಜೋಪಾನವಾಗಿಡುವುದು ಸರಿಯಾದ ದಾರಿ. ಐಸೊಬ್ಯೂಟೇನ್ ತುಂಬಿದ ಕಂಪ್ರೆಸರ್ ಮಾತ್ರ ಬೇಡ. ಅದು ಹೊತ್ತಿಕೊಳ್ಳುವ ಗ್ಯಾಸ್, ಈ ಯಂತ್ರದ ಸ್ವಿಚ್ಚು, ಥರ್ಮೋಸ್ಟಾಟ್ ಎಲ್ಲ ಕಿಡಿ ಹಾರಿಸುವಂಥವು.

ನಮ್ಮ ನಾಣ್ಯ ಇದರಲ್ಲಿ ನಡೆಯುವುದಿಲ್ಲ. ಒಂದು ರೂಪಾಯಿಯ ಸ್ಟೀಲ್ ನಾಣ್ಯ ಆಯಸ್ಕಾಂತಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಐದು ರೂಪಾಯಿಯದ್ದು ಅಗಲ ಹೆಚ್ಚು. ಪೆಟ್ಟಿಗೆಯನ್ನು ತಿದ್ದಿ ಕೆಡಿಸುವ ಬದಲು ಬರುವಾಗ ಎರಡು ಡಾಲರಿನ ನಿಕಲ್, ಅಂದರೆ ನಲವತ್ತು ನಾಣ್ಯ ತಂದರೆ ಸಾಕು. ಯಂತ್ರದ ಮೇಲೊಂದು ಬಟ್ಟಲಲ್ಲಿಟ್ಟರೆ ಅವೇ ನಲವತ್ತು ಒಳಹೋಗಿ ಹೊರಬರುತ್ತಾ ವರ್ಷಗಟ್ಟಲೆ ನಡೆಯುತ್ತವೆ.

ಕೊನೆಗೆ ಬಣ್ಣ

ಮೂಲ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ ಅದನ್ನು ಉಳಿಸಿ. ಮೆದು ಸೋಪಿನ ನೀರಲ್ಲಿ ತೊಳೆದು, ಸಣ್ಣ ಪಾಲಿಶಿಂಗ್ ಕಾಂಪೌಂಡಿನಲ್ಲಿ ಕೈಯಿಂದ ಉಜ್ಜಿ, ಮೇಣ ಹಚ್ಚಿದರೆ ಮಂಕಾದ ಕೆಂಪು ತನ್ನಷ್ಟಕ್ಕೆ ಆಳದಿಂದ ಎದ್ದುಬರುತ್ತದೆ. ಹೊಸದಾಗಿ ಹೊಡೆಯಲೇಬೇಕೆಂದರೆ ಹಳೆಯ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ. ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿ ಅಥವಾ ರಾಸಾಯನಿಕ ಹಚ್ಚಿ ಕೆರೆಯಿರಿ. ಮರಳು ಬ್ಲಾಸ್ಟಿಂಗಿಗೆ ಕೊಟ್ಟರೆ ಅಗಲವಾದ ಬಾಗಿಲ ತಗಡು ಅಲೆ ಏಳುತ್ತದೆ, ಉಬ್ಬು ಅಕ್ಷರಗಳ ಅಂಚು ಸವೆಯುತ್ತದೆ. ಎಪಾಕ್ಸಿ ಪ್ರೈಮರ್, ಅದರ ಮೇಲೆ ಬೇಕಾದಷ್ಟೇ ಪುಟ್ಟಿ, 400 ನಂಬರಿನ ನೀರು ಕಾಗದ, ಆಮೇಲೆ ಎರಡು ಭಾಗದ ಯುರೆಥೇನ್. ಇದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ ಇಲ್ಲದೆ ಮನೆಯಲ್ಲಿ ಹೊಡೆಯುವ ಕೆಲಸವಲ್ಲ. ಕಾರಿನ ಬಣ್ಣದ ಶೆಡ್ಡಿಗೆ ಬಾಗಿಲನ್ನು ಹೊತ್ತುಕೊಂಡು ಹೋಗುವುದೇ ಒಳಿತು. ಅಕ್ಷರಗಳ ಬಿಳಿಯನ್ನು ಮಾತ್ರ ಮನೆಯಲ್ಲೇ ಹಚ್ಚಬಹುದು. ಗಟ್ಟಿ ಸ್ಪಂಜಿನ ಎರಡಿಂಚು ರೋಲರಿಗೆ ಬಣ್ಣ ತಾಗಿಸಿ, ಹಲಗೆಯ ಮೇಲೆ ಮುಕ್ಕಾಲು ಪಾಲು ಉಜ್ಜಿ ತೆಗೆದು, ಉಬ್ಬಿನ ಮೇಲೆ ಒತ್ತದೆ ಉರುಳಿಸಬೇಕು. ಒಂದೇ ಸಲಕ್ಕೆ ತುಂಬುವ ಆತುರ ಬೇಡ, ನಾಲ್ಕು ತೆಳು ಸುತ್ತು.

ಹೊಸ ಬಣ್ಣ ಹೊಸ ಗ್ಯಾಸ್ಕೆಟ್ ಸೇರಿ ಬಾಗಿಲು ಮೊದಲಿಗಿಂತ ಕೂದಲೆಳೆಯಷ್ಟು ದಪ್ಪವಾಗಿರುತ್ತದೆ, ಹಿಂಜಿನ ಹಿಂದೆ ತೆಳು ಬಿಲ್ಲೆ ಕೊಟ್ಟು ಮತ್ತೆ ನೋಟು ಎಳೆದು ನೋಡಬೇಕು. ರಸಮಟ್ಟವನ್ನೂ ಮತ್ತೆ ಇಡಬೇಕು. ಆಮೇಲೆ ಬಾಟಲಿ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ನಾಣ್ಯ ಹಾಕಿ ಕಿವಿಗೊಟ್ಟು ಕೇಳಿ. ಮೊದಲು ತೊಟ್ಟಿಲು ವಾಲುವ ಸಣ್ಣ ಟಿಕ್. ಅದು ಕೇಳಿಸಿ ನಾಣ್ಯ ವಾಪಸ್ ಬಂದರೆ ಆಯಸ್ಕಾಂತ ಕೊಳೆಯಾಗಿದೆ. ಎರಡನೆಯದು ಕೊಕ್ಕೆ ಬಿಡುವ ಗಟ್ಟಿ ಸದ್ದು. ಅದು ಬಾರದೆ ಬಾಟಲಿ ಬಿಗಿಯಾಗಿದ್ದರೆ ಗ್ರೀಸ್ ತಂಪಿಗೆ ಹಿಡಿದಿದೆ. ಮೂರನೆಯದು, ನೀವು ಬಾಟಲಿ ಎಳೆದ ಮೇಲೆ ಅದರ ಹಿಂದಿನದು ಗಡಗಡ ಉರುಳಿ ಮುಂದೆ ಬಂದು ತಗಡಿಗೆ ತಾಗುವ ಸದ್ದು. ಮೂರೂ ಕೇಳಿಸಿದರೆ ಬೀಗದ ಕೈಯನ್ನು ಯಂತ್ರದೊಳಗಲ್ಲದೆ ಬೇರೆಲ್ಲಾದರೂ ತೂಗುಹಾಕಿ, ತಿಂಗಳಿಗೊಮ್ಮೆ ನೀರಿನ ತಟ್ಟೆ ತೊಳೆಯಲು ಅದು ಬೇಕಾಗುತ್ತದೆ.